ಮೈಲಿಗೆ ಮಾಡಿದವರು ಯಾರು, ಬಳಿಯುವವರು ಯಾರು?

ಕಾರವಾರದ ಕಡಲಲ್ಲಿ ಎಣ್ಣೆ ಚೆಲ್ಲಿದರೆ ಜಯನಗರದಲ್ಲಿ ಕೂತಿರೋ ನಿಮಗೇನ್ರೀ ಕಷ್ಟ, ಅಂತ ಗೆಳೆಯರೊಬ್ಬರು ನಮ್ಮನ್ನು ಕೇಳಿದರು. ಕೇಳಿದವರು ಕೆಟ್ಟವರಲ್ಲ. ಮೇಷ್ಟ್ರು. ಪಾಠದ ಜೊತೆಗೆ ನಾಲ್ಕು ಒಳ್ಳೆಯ ಮಾತನ್ನೂ ಮಕ್ಕಳಿಗೆ ಹೇಳಿಕೊಡುವವರು. ಆದರೂ ಕೇಳಿದರು. ಅವರ ಪ್ರಶ್ನೆಗೆ ಅವತ್ತು ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಮೆಟ್ಟಿಲ ಮೇಲೆ ಕೂತು ಟೀ ಕುಡೀತಾ ನಾವು ಕೊಟ್ಟ ಉತ್ತರ ನಮಗೇ ಸಾಲಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಅದೇ ವಾರ ನಮ್ಮ ಸಭೆಗೆ ಒಬ್ಬ ಹುಡುಗ ಬಂದಿದ್ದ. ಬಿಟಿಎಂ ಲೇಔಟಿನಲ್ಲಿ ಪಿಜಿಯೊಂದರಲ್ಲಿ ಮೂರು ಜನರ ಜೊತೆ ಒಂದು ಕೋಣೆ ಹಂಚಿಕೊಂಡು, ಊಟ ತಲುಪಿಸುವ ಕಂಪನಿಗೆ ಬೈಕು ಓಡಿಸುತ್ತಾನೆ. ಊರು ಕಾರವಾರದ ಹತ್ತಿರ. ಅವ್ವ ಬುಟ್ಟಿ ಹೊತ್ತು ಮೀನು ಮಾರಿದವಳು. 2006ರಲ್ಲಿ ಅವನಿಗೆ ಎಂಟು ವರ್ಷ. ಅವನಿಗೆ ನೆನಪಿರೋದು ಹಡಗಲ್ಲ, ವಾಸನೆ. “ಎಂತ ಹೇಳುದು ಸಾರ್, ಮೀನಿಗೆ ಎಣ್ಣೆ ವಾಸ್ನೆ ಅಂತ ಬಾಗಿಲಲ್ಲೇ ತಿರುಗಿಸಿ ಕಳಿಸ್ತಿದ್ರು. ಅಮ್ಮ ಬುಟ್ಟಿ ತಂದು ಅಂಗಳದಲ್ಲಿ ಇಟ್ಟು ಸುಮ್ಮನೆ ಕೂತದ್ದು ನೋಡಿದೆ. ಹೊಳೆ ಕಡೆ ಹಿಡಿದ ಮೀನು ಅದು, ಎಣ್ಣೆ ಮುಟ್ಟಿದ್ದೇ ಅಲ್ಲ. ಯಾರಿಗೆ ಹೇಳುದು?” ಹುಡುಗ ಇಷ್ಟು ಹೇಳಿ ಫೋನು ನೋಡಿಕೊಂಡ. ಆರ್ಡರು ಬಂದಿತ್ತು. ಹೋದ.

ಆಗಿದ್ದೇನು ಅಂತ ಗೊತ್ತಿಲ್ಲದ ಓದುಗರಿಗಾಗಿ ಹೇಳಬೇಕು. 2006ರ ಮೇ 30. ಮುಂಗಾರು ಕಡಲಿಗೆ ಇಳಿದು ಅಲೆ ಎದ್ದಿತ್ತು. ಪನಾಮಾ ದೇಶದ ಬಾವುಟ ಹೊತ್ತ ‘ಓಶನ್ ಸೆರಾಯ’ ಅನ್ನುವ ಸರಕು ಹಡಗು ಕಾರವಾರದ ಎದುರಿನ ದೇವಗಡ ದ್ವೀಪದ ಬಳಿ, ಇಂಗ್ಲಿಷರು ಆಯ್‌ಸ್ಟರ್ ರಾಕ್ಸ್ ಅಂತ ಹೆಸರಿಟ್ಟ ಬಂಡೆಗಳಿಗೆ ಬಡಿದು ಅಲ್ಲೇ ಕೂತಿತು. ಅದರ ಹೊಟ್ಟೆಯಲ್ಲಿ ಸುಮಾರು 650 ಟನ್ ಫರ್ನೇಸ್ ಎಣ್ಣೆ. ಅಲೆ ಬಡಿದು ಬಡಿದು ಹಡಗು ಮುರಿಯಿತು. ಎಣ್ಣೆ ಸೋರಿತು. ಎಣ್ಣೆಗೆ ರಾಜ್ಯದ ಗಡಿ ಗೊತ್ತಿಲ್ಲ, ಕಾರವಾರದ ದಂಡೆಗೂ ಬಂತು, ಗೋವಾದ ಪೋಳೆಂ, ಗಾಲ್ಗಿಬಾಗ ಕಡೆಗೂ ಹೋಯಿತು. ಗಾಲ್ಗಿಬಾಗ ಅಂದರೆ ಕಡಲಾಮೆ ಮೊಟ್ಟೆ ಇಡುವ ಮರಳು.

ಇಲ್ಲಿ ಎರಡು ಸಂಗತಿ ನಮಗೆ ಮರೆಯೋಕಾಗಲ್ಲ. ಒಂದು, ಹಡಗು ಬಡಿದ ಆ ಜಾಗದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ ಇದೆ. ಕತ್ತಲಲ್ಲಿ ಕಾಣದ ಬಂಡೆ ಅಂತ ಹೇಳುವ ಹಾಗಿಲ್ಲ, ನೂರಾರು ವರ್ಷದಿಂದ ನಾಡದೋಣಿಯವರೂ ನಕಾಶೆಯವರೂ ಬಲ್ಲ ಬಂಡೆ. ಇನ್ನೊಂದು, ಅದೇ ಕಡಲ ಬದಿಯಲ್ಲಿ, ಅರಗಾದಲ್ಲಿ, 2005ರ ಮೇ 31ರಂದು ಐಎನ್ಎಸ್ ಕದಂಬ ನೌಕಾನೆಲೆ ಶುರುವಾಗಿತ್ತು. ಹಡಗು ಬಡಿದಾಗ ಅದಕ್ಕೆ ಒಂದು ವರ್ಷ ತುಂಬೋಕೆ ಒಂದು ದಿನ ಕಮ್ಮಿ. ಸೀಬರ್ಡ್ ಹೆಸರಿನ ಆ ಯೋಜನೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಂಡೆ ಬಿಟ್ಟು ಎದ್ದು ಹೋದವು. ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಅಲೆದವು. ದೇಶದ ಭದ್ರತೆಗೆ ಜಾಗ ಬಿಡಿ ಅಂದಾಗ ಬಿಟ್ಟವರು ಅವರು. ಕಡಲಿಗೆ ಶತ್ರು ಬಂದರೆ ಕಾಯುವವರಿದ್ದಾರೆ ಅಂತ ಅವರಿಗೆ ಹೇಳಲಾಗಿತ್ತು. ಕಡಲಿಗೆ ಎಣ್ಣೆ ಬಂದರೆ ಕಾಯುವವರು ಯಾರು ಅಂತ ಹೇಳಿರಲಿಲ್ಲ.

ಫರ್ನೇಸ್ ಎಣ್ಣೆ ಅಂದರೆ ಏನು ಅಂತ ಪೇಟೆಯ ಜನಕ್ಕೆ ಗೊತ್ತಿಲ್ಲ. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲಾ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟು. ಕಪ್ಪಗೆ, ಅಂಟಂಟಾಗಿ, ಬಿಸಿ ಮಾಡದೆ ಹರಿಯದಂಥದ್ದು. ಅಗ್ಗ, ಅದಕ್ಕೇ ಹಡಗಿನವರು ಸುಡುತ್ತಾರೆ. ಡೀಸೆಲು ಚೆಲ್ಲಿದರೆ ಒಂದಷ್ಟು ಆವಿಯಾಗಿ ಹೋಗುತ್ತೆ. ಇದು ಹೋಗಲ್ಲ. ಮರಳಿನ ಜೊತೆ ಕಲಸಿಕೊಂಡು ಉಂಡೆಯಾಗುತ್ತೆ, ತಳಕ್ಕೆ ಇಳಿಯುತ್ತೆ, ಮುಂದಿನ ಮಳೆಗಾಲ ಮತ್ತೆ ದಂಡೆಗೆ ಬರುತ್ತೆ. ಚಿಪ್ಪಿಕಲ್ಲು, ಕಲ್ವಾ, ಬಳಚು ಇವು ನೀರನ್ನು ಸೋಸಿ ತಿನ್ನುವ ಜೀವಗಳು. ಓಡಿ ಹೋಗೋಕೆ ಅವಕ್ಕೆ ಕಾಲಿಲ್ಲ. ನೀರಲ್ಲಿ ಏನಿದೆಯೋ ಅದೇ ಅವುಗಳ ಹೊಟ್ಟೆಗೆ. ಇವನ್ನು ಇಳಿತದ ಹೊತ್ತಿನಲ್ಲಿ ಮೊಣಕಾಲ ನೀರಲ್ಲಿ ನಿಂತು ಆರಿಸುವವರು ಯಾರು? ಹೆಂಗಸರು. ದೋಣಿ ಇಲ್ಲದ, ಬಲೆ ಇಲ್ಲದ, ಸೊಸೈಟಿಯ ಪುಸ್ತಕದಲ್ಲಿ ಹೆಸರಿಲ್ಲದ ಹೆಂಗಸರು. ಪರಿಹಾರದ ಅರ್ಜಿಯಲ್ಲಿ ‘ದೋಣಿಯ ನೋಂದಣಿ ಸಂಖ್ಯೆ’ ಅಂತ ಒಂದು ಕಾಲಂ ಇದ್ದರೆ ಸಾಕು, ಇವರು ಹೊರಗೆ.

ಇನ್ನೊಂದು ವಾದ ಬರುತ್ತೆ. ಜೂನ್ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೇ ಕಡಲಿಗೆ ಇಳಿಯದ ಕಾಲದಲ್ಲಿ ನಷ್ಟ ಎಲ್ಲಿಂದ ಬಂತು, ಅಂತ. ತಿಳಿದವರೇ ಕೇಳುತ್ತಾರೆ. ಟ್ರಾಲರಿನವನಿಗೆ ರಜೆ ಹೌದು. ನಾಡದೋಣಿಯವನಿಗೆ ಅದೇ ಸುಗ್ಗಿ. ದೊಡ್ಡ ಬೋಟು ದಂಡೆಯಲ್ಲಿ ಮಲಗಿರುವ ಆ ಎರಡು ತಿಂಗಳಲ್ಲೇ ಹೊಳೆಬಾಯಿಯಲ್ಲಿ, ದಂಡೆಯ ಹತ್ತಿರ ಅವನಿಗೆ ನಾಲ್ಕು ಕಾಸು. ಮೀನು ಮರಿ ಹಾಕುವ ಕಾಲ ಅಂತ ನಿಷೇಧ ಹಾಕಿದವರೇ, ಆ ಮರಿಯ ಮೇಲೆ ಎಣ್ಣೆ ಬಿದ್ದಾಗ ‘ನಿಷೇಧ ಇತ್ತಲ್ಲ’ ಅಂದರೆ ಅದಕ್ಕೆ ಏನನ್ನಬೇಕು?

ಈಗ ಅಸಲು ಮಾತಿಗೆ ಬರೋಣ. ಹಡಗು ಯಾರದು?

1974ರ ಭೂಸುಧಾರಣೆ ನೆನಪಿರುವವರಿಗೆ ಈ ಪ್ರಶ್ನೆ ಹೊಸದಲ್ಲ. ಉಳುವವನಿಗೆ ಭೂಮಿ ಅಂತ ಕಾನೂನು ಬಂದಾಗ ನಮ್ಮ ಜಮೀನ್ದಾರರು ಏನು ಮಾಡಿದರು? ಆಳಿನ ಹೆಸರಲ್ಲಿ, ಹಸುಗೂಸಿನ ಹೆಸರಲ್ಲಿ, ಸತ್ತವರ ಹೆಸರಲ್ಲಿ ಖಾತೆ ಬರೆಸಿದರು. ಬೇನಾಮಿ. ಬೆಳೆ ಒಡೆಯನ ಕಣಜಕ್ಕೆ, ಕಾಗದ ಇನ್ಯಾರದೋ ಹೆಸರಿಗೆ. ಕಡಲ ಮೇಲೆ ಇದೇ ಆಟ, ಆದರೆ ಕಾನೂನುಬದ್ಧವಾಗಿ. ಒಂದು ದೇಶದ ಸಾಹುಕಾರ ಇನ್ನೊಂದು ದೇಶದಲ್ಲಿ ಒಂದೇ ಹಡಗಿಗೆ ಒಂದು ಕಂಪನಿ ಮಾಡುತ್ತಾನೆ. ಮೂರನೇ ದೇಶದ, ಪನಾಮಾದ್ದೋ ಲೈಬೀರಿಯಾದ್ದೋ ಬಾವುಟ ಏರಿಸುತ್ತಾನೆ. ನಾಲ್ಕನೇ ದೇಶದ ಏಜೆನ್ಸಿ ನಡೆಸುತ್ತೆ. ಐದನೇ ದೇಶದ ಬಡ ಹುಡುಗರು ದುಡಿಯುತ್ತಾರೆ. ಲಾಭ ಬಂದಾಗ ಒಡೆಯ ಒಬ್ಬನೇ. ಎಣ್ಣೆ ಚೆಲ್ಲಿದಾಗ ಒಡೆಯರು ಐದು ಜನ, ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸುತ್ತಾನೆ. ಆ ಒಂದೇ ಹಡಗಿನ ಕಂಪನಿಗೆ ಇದ್ದ ಆಸ್ತಿ ಒಂದೇ, ಅದು ಮುಳುಗಿ ಕೂತಿದೆ. ಯಾರ ಮೇಲೆ ದಾವೆ ಹಾಕ್ತೀರಿ? ಬಂಡೆಯ ಮೇಲೋ?

ಇದು ಇವತ್ತಿನ ಕಥೆಯಲ್ಲ. 1967ರ ಮಾರ್ಚ್ 18ರಂದು ಟೊರಿ ಕ್ಯಾನಿಯನ್ ಅನ್ನುವ ದೈತ್ಯ ಹಡಗು ಇಂಗ್ಲೆಂಡಿನ ನೈಋತ್ಯ ತುದಿ ಮತ್ತು ಸಿಲ್ಲಿ ದ್ವೀಪಗಳ ನಡುವಿನ ಬಂಡೆಗೆ ಬಡಿಯಿತು. ಲಕ್ಷ ಟನ್ನಿಗೂ ಮೀರಿದ ಕಚ್ಚಾ ತೈಲ. ಒಡೆತನದ ಕಂಪನಿಯ ವಿಳಾಸ ಬರ್ಮುಡಾ, ಬಾವುಟ ಲೈಬೀರಿಯಾ, ಗುತ್ತಿಗೆ ಅಮೆರಿಕದ ಯೂನಿಯನ್ ಆಯಿಲಿನದು, ಬಾಡಿಗೆಗೆ ಹಿಡಿದದ್ದು ಬ್ರಿಟಿಷ್ ಪೆಟ್ರೋಲಿಯಂ, ಕಪ್ತಾನ ಇಟಲಿಯವನು. ಬ್ರಿಟಿಷ್ ಸರ್ಕಾರ ವಿಮಾನ ಕಳಿಸಿ ಹಡಗಿನ ಮೇಲೆ ಬಾಂಬು ಹಾಕಿಸಿತು. ಎಣ್ಣೆ ಕರಗಿಸಲು ಸುರಿದ ಸಾಬೂನಿನಂಥ ರಾಸಾಯನಿಕ, ಎಣ್ಣೆಗಿಂತ ಹೆಚ್ಚು ಜೀವ ತೆಗೆಯಿತು ಅಂತ ಆಮೇಲೆ ಅವರ ವಿಜ್ಞಾನಿಗಳೇ ಹೇಳಿದರು. ಆದರೆ ನಮಗೆ ಬೇಕಾದ ಪಾಠ ಅದಲ್ಲ. ಸಾಮ್ರಾಜ್ಯವನ್ನೇ ಆಳಿದ್ದ ಸರ್ಕಾರಕ್ಕೂ ಆ ಕಂಪನಿ ಕೈಗೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಹೇಗೆ? ಅದೇ ಒಡೆಯರ ಇನ್ನೊಂದು ಹಡಗು, ಲೇಕ್ ಪಲೂರ್ಡ್, ಸಿಂಗಪುರಕ್ಕೆ ಬಂದು ನಿಂತಾಗ ಒಬ್ಬ ಎಳೆಯ ವಕೀಲ ಹಡಗು ಹತ್ತಿದ. ವಿಸ್ಕಿ ಮಾರೋನು ಇರಬೇಕು ಅಂತ ಖಲಾಸಿಗಳು ಬಿಟ್ಟುಕೊಂಡರಂತೆ. ಅವನು ನೆಟ್ಟಗೆ ಹೋಗಿ ಕೂವೆಮರಕ್ಕೆ ನ್ಯಾಯಾಲಯದ ಆಜ್ಞೆ ಅಂಟಿಸಿ ಇಳಿದು ಬಂದ. ಅಲ್ಲಿಗೆ ಹಡಗು ಜಪ್ತಿ. ಆಮೇಲೆ ಕಂಪನಿ ಮಾತಿಗೆ ಬಂತು. 1969ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಸೇರಿ 30 ಲಕ್ಷ ಪೌಂಡ್ ಕೊಟ್ಟಿತು. ಬಂಡವಾಳಶಾಹಿಗೆ ಹೃದಯ ಇಲ್ಲ ಅಂತ ನಾವು ಬಹಳ ವರ್ಷದಿಂದ ಬರೀತಾ ಬಂದಿದ್ದೇವೆ. ಹೃದಯ ಹುಡುಕಬೇಡಿ. ಅದರ ಇನ್ನೊಂದು ಹಡಗು ಎಲ್ಲಿದೆ ಹುಡುಕಿ.

ಆ ಅನಾಹುತದ ಮೇಲೆ 1969ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಆಯಿತು. ಎಣ್ಣೆ ಚೆಲ್ಲಿದರೆ ಹಡಗಿನ ಒಡೆಯ ಪರಿಹಾರ ಕೊಡಬೇಕು, ಅದಕ್ಕೆ ವಿಮೆ ಮಾಡಿಸಿರಲೇಬೇಕು. ಒಳ್ಳೆಯದೇ. ಆದರೆ ಅದು ಎಣ್ಣೆಯನ್ನೇ ಸರಕಾಗಿ ಹೊರುವ ಟ್ಯಾಂಕರುಗಳಿಗೆ ಮಾತ್ರ. ತನ್ನ ಇಂಜಿನ್ನಿಗೆ ಅಂತ ಎಣ್ಣೆ ತುಂಬಿಕೊಂಡ ಬೇರೆ ಹಡಗುಗಳಿಗಾಗಿ ಒಪ್ಪಂದ ಬರೆದದ್ದು 2001ರಲ್ಲಿ, ಅದು ಜಾರಿಗೆ ಬಂದದ್ದು 2008ರ ನವೆಂಬರಿನಲ್ಲಿ. ಓಶನ್ ಸೆರಾಯ ಟ್ಯಾಂಕರಲ್ಲ. ಬಡಿದದ್ದು 2006ರಲ್ಲಿ. ಮೀನಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಸರಕಿನ ಎಣ್ಣೆಯೋ ಇಂಜಿನ್ನಿನ ಎಣ್ಣೆಯೋ, ಕಿವಿರಿಗೆ ಹತ್ತಿದರೆ ಎರಡೂ ಒಂದೇ.

ಇಷ್ಟೆಲ್ಲಾ ಕಾನೂನು ಬಂದ ಮೇಲೂ ಒಂದು ಮೋಸ ಹಾಗೇ ಉಳಿದಿದೆ. ಹಡಗಿನ ಒಡೆಯ ಕೊಡಬೇಕಾದ ಪರಿಹಾರಕ್ಕೆ ಮಿತಿ ಇದೆ. ಆ ಮಿತಿಯನ್ನು ಹಾಕುವುದು ಆದ ನಷ್ಟ ನೋಡಿ ಅಲ್ಲ, ಹಡಗಿನ ಗಾತ್ರ ನೋಡಿ. ಎಷ್ಟು ಟನ್ನಿನ ಹಡಗೋ ಅಷ್ಟಕ್ಕೆ ಲೆಕ್ಕ. ಎಷ್ಟು ಒಲೆ ಆರಿತು ಅನ್ನೋದು ಲೆಕ್ಕದಲ್ಲೇ ಇಲ್ಲ. ನಮ್ಮ ಊರಲ್ಲಿ ಗೌಡರ ಎತ್ತು ಬಡವನ ಹೊಲ ಮೇಯ್ದರೆ, ಪಂಚಾಯ್ತಿಯಲ್ಲಿ ಎತ್ತಿನ ತೂಕ ಎಷ್ಟು ಅಂತ ಕೇಳಿ ದಂಡ ಹಾಕಿದ ಹಾಗೆ!

ಇನ್ನು ಸರ್ಕಾರ. 1996ರಿಂದ ಈ ದೇಶದಲ್ಲಿ ಎಣ್ಣೆ ಸೋರಿಕೆಗೆ ಒಂದು ರಾಷ್ಟ್ರೀಯ ಯೋಜನೆ ಇದೆ. ಅದರ ಪ್ರಕಾರ ಕಡಲ ಮೇಲಿನ ಎಣ್ಣೆ ಕರಾವಳಿ ಕಾವಲು ಪಡೆಯದು, ಬಂದರಿನ ಒಳಗಿನದು ಬಂದರಿನವರದು, ದಂಡೆಗೆ ಬಂದದ್ದು ರಾಜ್ಯ ಸರ್ಕಾರದ್ದು. ಹಡಗು ಯಾಕೆ ಬಡಿಯಿತು ಅನ್ನುವ ವಿಚಾರಣೆ ಮುಂಬಯಿಯ ಹಡಗು ಮಹಾನಿರ್ದೇಶನಾಲಯದ್ದು. ಮೀನು ಸತ್ತದ್ದು ಮೀನುಗಾರಿಕೆ ಇಲಾಖೆಯದು. ನೀರು ಕೆಟ್ಟದ್ದು ಮಾಲಿನ್ಯ ನಿಯಂತ್ರಣ ಮಂಡಳಿಯದು. ಒಂದೇ ಎಣ್ಣೆ, ಆರು ಕಚೇರಿ. ಅಲೆಯ ಮೇಲಿದ್ದಾಗ ದಿಲ್ಲಿಯದು, ಮರಳಿಗೆ ಬಂದ ಕೂಡಲೇ ಬೆಂಗಳೂರಿನದು. ತಾಲ್ಲೂಕು ಕಚೇರಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸಿಗೆ ಈ ಆರು ಬಾಗಿಲಲ್ಲಿ ಯಾವುದನ್ನು ತಟ್ಟಬೇಕು ಅಂತ ಹೇಳುವವರಿಲ್ಲ. ಹೇಳದೇ ಇರುವುದೂ ಒಂದು ಆಡಳಿತ ಪದ್ಧತಿಯೇ.

ಜಯನಗರದ ನಮಗೂ ಇದಕ್ಕೂ ಏನು ಸಂಬಂಧ ಅಂದ ಮೇಷ್ಟ್ರಿಗೆ ಇಲ್ಲೊಂದು ಉತ್ತರ ಇದೆ. ಹಡಗು ಜಪ್ತಿ ಮಾಡುವ ಅಧಿಕಾರ ಬಹಳ ಕಾಲ ಬ್ರಿಟಿಷರು ಕಟ್ಟಿದ ಕಲ್ಕತ್ತಾ, ಬೊಂಬಾಯಿ, ಮದರಾಸು ಹೈಕೋರ್ಟುಗಳಿಗೆ ಮಾತ್ರ ಅಂತ ನಂಬಲಾಗಿತ್ತು. 1992ರಲ್ಲಿ ಎಂ.ವಿ. ಎಲಿಜಬೆತ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ನಂಬಿಕೆಯನ್ನು ಮುರಿಯಿತು. 2017ರ ಕಾಯ್ದೆ, 2018ರ ಏಪ್ರಿಲ್ ಒಂದರಿಂದ ಜಾರಿಯಾಗಿ, ಕರ್ನಾಟಕದ ಹೈಕೋರ್ಟಿನ ಹೆಸರನ್ನೂ ಬರೆದು ಆ ಅಧಿಕಾರ ಕೊಟ್ಟಿದೆ. ಅಂದರೆ ಮಂಗಳೂರಿನ ನೀರಲ್ಲಿ ನಿಂತ ಹಡಗನ್ನು ಹಿಡಿದು ನಿಲ್ಲಿಸುವ ಆಜ್ಞೆ ಹೊರಡಬೇಕಾದದ್ದು ನಮ್ಮ ಅಠಾರಾ ಕಚೇರಿಯಿಂದ. ಜಯನಗರದಿಂದ ಒಂದು ಬಸ್ಸಿನ ದೂರ. ಮಂಗಳೂರಿನ ಮೀನುಗಾರನಿಗೆ ಒಂದು ರಾತ್ರಿ, ಒಂದು ಹಗಲಿನ ದುಡಿಮೆ, ವಕೀಲರ ಫೀಸು. ಕಪ್ಪು ಕೋಟು ಹಾಕಿದ ನಮ್ಮ ಹುಡುಗರು, ಹಾಸ್ಟೆಲ್ಲಿನಲ್ಲಿ ಓದಿ ವಕೀಲರಾದವರು, ಈ ಕಾಯ್ದೆಯನ್ನು ಎಷ್ಟು ಜನ ಓದಿದ್ದೀರಿ? ಹಡಗಿನ ಕಾನೂನು ದೊಡ್ಡ ದೊಡ್ಡ ಕಂಪನಿಗಳ ವಕೀಲರ ಆಸ್ತಿ ಅಂತ ಬಿಟ್ಟುಕೊಟ್ಟವರು ನಾವೇ.

ಕೇರಳದವರು ಬಿಟ್ಟುಕೊಡಲಿಲ್ಲ. 2025ರ ಮೇ 25ರಂದು ಲೈಬೀರಿಯಾ ಬಾವುಟದ ಎಂ.ಎಸ್.ಸಿ. ಎಲ್ಸಾ 3 ಕೊಚ್ಚಿಯ ಹತ್ತಿರ ಮುಳುಗಿತು. 640 ಕಂಟೇನರು, ಅದರಲ್ಲಿ ಅಪಾಯದ ಸರಕಿನವು 13, ಹೊಟ್ಟೆಯಲ್ಲಿ 367 ಟನ್ ಫರ್ನೇಸ್ ಎಣ್ಣೆ. ದಂಡೆಯ ತುಂಬ ಸಾಬಕ್ಕಿಯ ಹಾಗೆ ಪ್ಲಾಸ್ಟಿಕ್ ಕಾಳು. ಮೀನುಗಾರ ಕುಟುಂಬಕ್ಕೆ ಸರ್ಕಾರ ತತ್‌ಕ್ಷಣಕ್ಕೆ ಕೊಟ್ಟದ್ದು ಸಾವಿರ ರೂಪಾಯಿ, ಆರು ಕಿಲೋ ಅಕ್ಕಿ. ಅದನ್ನು ಹೊಗಳುವ ಪೈಕಿ ನಾವಲ್ಲ. ಆದರೆ ಆ ಸರ್ಕಾರ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿಗೆ ದಾವೆ ಹಾಕಿತು. ಅದೇ ಕಂಪನಿಯ ಬಳಗದ ಇನ್ನೊಂದು ಹಡಗು ವಿಳಿಂಞಂ ಬಂದರಿನಲ್ಲಿ ನಿಂತಿದ್ದಾಗ ಕೋರ್ಟು ಅದನ್ನು ಜಪ್ತಿ ಮಾಡಿತು. ಮುಂದೆ 1,227 ಕೋಟಿಯ ಭದ್ರತೆ ಇಡಲು ಹೇಳಿತು. ಸಿಂಗಪುರದ ವಿಸ್ಕಿ ಮಾರುವವನ ಉಪಾಯವೇ, 58 ವರ್ಷ ಆದಮೇಲೆ. ಆ ಮುಳುಗಡೆಯಾಗಿ ಹದಿನೈದು ದಿನಕ್ಕೆ ವಾನ್ ಹೈ 503 ಅನ್ನುವ ಹಡಗಿಗೆ ಬೆಂಕಿ ಬಿತ್ತು. ಅದರಿಂದ ಬದುಕಿದ 18 ಜನರನ್ನು ಕರೆತಂದದ್ದು ನಮ್ಮ ಮಂಗಳೂರಿಗೆ. ಅದಕ್ಕೆ ಮೂರು ವರ್ಷ ಮೊದಲು, 2022ರ ಜೂನಿನಲ್ಲಿ, ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಎದುರಿಗೆ ಕೂತಿತ್ತು. ಕರ್ನಾಟಕದ ಕಡಲು ದೂರದ ಕಡಲಲ್ಲ, ಇದು ಮತ್ತೆ ಮತ್ತೆ ಆಗುವ ಸಂಗತಿ.

ಜೈಲಿಗೆ ಹೋಗುವವರು ಯಾರು ಅನ್ನೋದನ್ನೂ ನೋಡಬೇಕು. 2020ರ ಜುಲೈ 25ರಂದು ಮಾರಿಷಸ್ ದ್ವೀಪದ ಹವಳದ ದಿಬ್ಬಕ್ಕೆ ವಕಾಶಿಯೊ ಹಡಗು ಬಡಿಯಿತು. ಒಡೆತನ ಜಪಾನಿನ ನಾಗಾಶಿಕಿ ಶಿಪ್ಪಿಂಗ್, ಬಾಡಿಗೆಗೆ ಓಡಿಸಿದ್ದು ಮಿತ್ಸುಯಿ ಓ.ಎಸ್.ಕೆ. ಲೈನ್ಸ್, ಬಾವುಟ ಮತ್ತೆ ಪನಾಮಾ, ಕಪ್ತಾನ ಭಾರತದವನು. ಬಡಿದದ್ದು ಜುಲೈ 25ಕ್ಕೆ, ಎಣ್ಣೆ ಸೋರಿದ್ದು ಆಗಸ್ಟ್ 6ಕ್ಕೆ. ನಡುವೆ ಹನ್ನೆರಡು ದಿನ ಸರ್ಕಾರ ನೋಡುತ್ತಾ ಕೂತಿತ್ತು. ಸೋರಿದ್ದು ಸುಮಾರು ಸಾವಿರ ಟನ್. ಜನ ಕಾಯಲಿಲ್ಲ. ಕಬ್ಬಿನ ಒಣ ಸೋಗೆಯನ್ನು ಬಟ್ಟೆಯ ಚೀಲಕ್ಕೆ ತುಂಬಿ ಹೊಲಿದು ಕಡಲಿಗೆ ಬೇಲಿ ಹಾಕಿದರು. ಆ ಕಬ್ಬಿಗಾಗಿ 1834ರಿಂದ ಇಲ್ಲಿಂದ ಕೂಲಿಗಳಾಗಿ ಹಡಗು ಹತ್ತಿದವರ ಮೊಮ್ಮಕ್ಕಳ ಮಕ್ಕಳೂ ಅವರಲ್ಲಿದ್ದರು. ಆಗಸ್ಟ್ 29ರಂದು ರಾಜಧಾನಿಯ ಬೀದಿಗೆ ಸಾವಿರಾರು ಜನ ಇಳಿದು ಸರ್ಕಾರವನ್ನು ಕೇಳಿದರು. ಕೊನೆಗೆ 2021ರ ಡಿಸೆಂಬರಿನಲ್ಲಿ ಶಿಕ್ಷೆ ಆದದ್ದು ಕಪ್ತಾನನಿಗೆ ಮತ್ತು ಅವನ ಕೈಕೆಳಗಿನ ಅಧಿಕಾರಿಗೆ, 20 ತಿಂಗಳು. ಅವರು ತಪ್ಪು ಮಾಡಿಲ್ಲ ಅಂತ ನಾವು ಹೇಳಲ್ಲ. ಆದರೆ ಹಡಗಿನ ಒಡೆತನದ ಕೋಣೆಯಲ್ಲಿ ಕೂತವರಲ್ಲಿ ಒಬ್ಬರೂ ಜೈಲಿನ ಅನ್ನ ಉಣ್ಣಲಿಲ್ಲ. ಭೋಪಾಲದಲ್ಲೂ ಇದನ್ನೇ ನೋಡಿದ್ದೆವು. 1984ರಲ್ಲಿ ಸತ್ತವರಿಗೆ 1989ರಲ್ಲಿ 47 ಕೋಟಿ ಡಾಲರಿನ ರಾಜಿ. ಅಮೆರಿಕದ ಯಜಮಾನ ತಿರುಗಿ ಬರಲೇ ಇಲ್ಲ.

ಈಗ ಬಳಿಯುವ ಮಾತು. ಇದು ನಮ್ಮ ಪತ್ರಿಕೆಯ ಮಾತು, ಬೇರೆ ಪರಿಸರದ ಪತ್ರಿಕೆಗಳಲ್ಲಿ ಇದು ಸಿಗಲ್ಲ.

2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ದಂಡೆಗೆ ಬಂತು. ಇಡೀ ದೇಶ ಚಿತ್ರ ನೋಡಿತು. ಚಂದ್ರನ ಕಡೆಗೆ ಯಂತ್ರ ಕಳಿಸಿದ ದೇಶದ ಜನ ಪ್ಲಾಸ್ಟಿಕ್ ಬಕೀಟಿನಲ್ಲಿ ಕಡಲ ಎಣ್ಣೆ ಮೊಗೆಯುತ್ತಿದ್ದರು. ಕೈಯಿಂದ ಕೈಗೆ ಬಕೀಟು. ಕೆಲವರ ಕೈಗೆ ಗವಸು, ಹಲವರಿಗೆ ಬರಿಗೈ. ಅದನ್ನು ನೋಡಿ ಪೇಟೆಯವರು ಅಯ್ಯೋ ಅಂದರು, ನಕ್ಕರು. ನಮಗೆ ಅದು ಹೊಸ ಚಿತ್ರವಲ್ಲ. ಇದೇ ಬೆಂಗಳೂರಿನಲ್ಲಿ ಮ್ಯಾನ್‌ಹೋಲಿಗೆ ಇಳಿದವರ ಕೈಯಲ್ಲಿ ಇದ್ದದ್ದೂ ಅದೇ ಬಕೀಟು. 1993ರಲ್ಲಿ ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ, 2014ರಲ್ಲಿ ಸತ್ತವರಿಗೆ 10 ಲಕ್ಷ, 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು 30 ಲಕ್ಷ ಮಾಡಿತು. ರೇಟು ಏರಿತು, ಇಳಿಯುವುದು ನಿಲ್ಲಲಿಲ್ಲ. ಗಲೀಜು ಮಾಡುವವನಿಗೆ ಜಾತಿ ಇಲ್ಲ, ಕಂಪನಿ ಇದೆ. ಬಳಿಯುವವನಿಗೆ ಕಂಪನಿ ಇಲ್ಲ, ಜಾತಿ ಇದೆ. ಕಡಲಾದರೂ ಅಷ್ಟೇ, ಚರಂಡಿಯಾದರೂ ಅಷ್ಟೇ. ದಿನಗೂಲಿ ಅಂತ ಹೇಳಿ ಸಲಿಕೆ ಕೊಡುತ್ತಾರೆ. ಆ ಎಣ್ಣೆಯ ಹಬೆ ಎದೆಗೆ ಹೋದರೆ, ಚರ್ಮಕ್ಕೆ ಹತ್ತಿದರೆ ಮುಂದೆ ಏನು ಅಂತ ಮಸ್ಟರ್ ರೋಲಿನಲ್ಲಿ ಬರೆದಿರಲ್ಲ.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಅವರ ಹಿಂದೆ ಸಾವಿರಾರು ಜನ ಕುಡಿದರು. ಕೆರೆ ಮೈಲಿಗೆಯಾಯಿತು ಅಂತ ಸವರ್ಣೀಯರು 108 ಮಡಕೆ ಪಂಚಗವ್ಯ ಸುರಿದು, ಮಂತ್ರ ಹೇಳಿ ಶುದ್ಧಿ ಮಾಡಿದರು. ಬಾಯಾರಿದ ಮನುಷ್ಯ ಬೊಗಸೆ ಇಟ್ಟರೆ ಮೈಲಿಗೆಯಾಗುವ ನೀರು, 650 ಟನ್ ಎಣ್ಣೆ ಇಟ್ಟುಕೊಂಡ ಹಡಗು ಮುರಿದರೆ ಮೈಲಿಗೆಯಾಗಲಿಲ್ಲ. ಯಾವ ಮಠದ ಸ್ವಾಮಿಯೂ ಶಾಂತಿ ಮಾಡಿಸಬೇಕು ಅನ್ನಲಿಲ್ಲ. ಕಾರವಾರದ ಎದುರಿನ ಕೂರ್ಮಗಡದಲ್ಲಿ ನರಸಿಂಹ ದೇವರಿದ್ದಾನೆ, ಜನವರಿಯಲ್ಲಿ ಜಾತ್ರೆ, ದೋಣಿಗಳ ಮೆರವಣಿಗೆ. ಆ ದೇವರ ಕಾಲಬುಡದ ನೀರೇ ಅದು. ಈ ದೇಶದಲ್ಲಿ ಮಾಲಿನ್ಯ ಅನ್ನುವ ಮಾತಿಗೆ ಎರಡು ನಿಘಂಟಿದೆ. ಒಂದು ಮಾಲಿನ್ಯ ನಿಯಂತ್ರಣ ಮಂಡಳಿಯದು, ಇನ್ನೊಂದು ಮನುವಿನದು. ಎರಡನೆಯದು ಇವತ್ತಿಗೂ ಹೆಚ್ಚು ಚುರುಕಾಗಿ ಜಾರಿಯಲ್ಲಿದೆ.

ನಮ್ಮ ಕೈ ಶುದ್ಧ ಅಂತ ಹೇಳೋಕೆ ಹೊರಟಿಲ್ಲ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಊರು. ಹೆಸರಲ್ಲೇ ಕೆರೆ ಇದೆ. ಅವನ್ನು ಮೂರು ಇಂಗ್ಲಿಷ್ ಅಕ್ಷರ ಮಾಡಿ ನುಂಗಿದೆವು. ಜಯನಗರದ, ಬಿಟಿಎಮ್ಮಿನ ಕೊಳಚೆ ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ ಹೋಗುತ್ತೆ. ಬನಶಂಕರಿಯ ಬಹುಭಾಗದ್ದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲದ ರೈತರ ಗದ್ದೆಗೆ. 2015, 2017, 2018, ಮೂರು ಸಲ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ನೀರಿಗೆ ಬೆಂಕಿ! 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಆಗಿನ ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಯೋಚನೆ ಬಂತು. ಆ 75 ಕೋಟಿ ಯಾರದು? ಬೀಡಿ, ಸಕ್ಕರೆ, ಸಾಬೂನಿನ ಮೇಲೆ ತೆರಿಗೆ ಕೊಡುವ ಜನರದು. ಯಾವ ಅಧಿಕಾರಿಯ ಸಂಬಳ ಕಡಿತವಾಯಿತು? ಕೊಳಚೆ ಬಿಟ್ಟ ಯಾವ ಅಪಾರ್ಟ್‌ಮೆಂಟಿನ, ಯಾವ ಕಾರ್ಖಾನೆಯ ಬಾಗಿಲಿಗೆ ಬೀಗ ಬಿತ್ತು? ಸರ್ಕಾರಕ್ಕೆ ದಂಡ ಹಾಕಿದರೆ ಬಲಜೇಬಿನ ದುಡ್ಡು ಎಡಜೇಬಿಗೆ. ಹೊಣೆ ಅನ್ನೋದು ಒಬ್ಬ ಮನುಷ್ಯನ ಹೆಸರಿಗೆ ಬಂದು ನಿಲ್ಲುವ ತನಕ ಹೊಣೆಯಲ್ಲ. ಎಣ್ಣೆಯ ವಿಚಾರದಲ್ಲೂ ಇದನ್ನೇ ಕೇಳುತ್ತೇವೆ. ಯಾವ ಅಧಿಕಾರಿ, ಯಾವ ದಿನ, ಯಾವ ಕಾಗದಕ್ಕೆ ರುಜು ಹಾಕದೆ ಕೂತಿದ್ದ?

ಕಂಪನಿಯನ್ನು ಕೇಳುವುದು ಆಗದ ಕೆಲಸ ಅಂತ ಯಾರೂ ಹೇಳಬಾರದು. 2011ರಲ್ಲಿ ಮುಂಬಯಿಯ ಎದುರು ಅದಾನಿ ಕಂಪನಿಯ ಕಲ್ಲಿದ್ದಲು ಹೊತ್ತ ರಾಕ್ ಅನ್ನುವ ಹಡಗು ಮುಳುಗಿತು. ಊರಿನ ಒಬ್ಬ ನಾಗರಿಕ ಹಸಿರು ನ್ಯಾಯಮಂಡಳಿಗೆ ಹೋದ. 2016ರಲ್ಲಿ ಮಂಡಳಿ ಹಡಗಿನ ಕಂಪನಿಗೆ 100 ಕೋಟಿ, ಸರಕಿನ ಒಡೆಯನಿಗೂ 5 ಕೋಟಿ ಕಟ್ಟಲು ಹೇಳಿತು. ಸರಕಿನ ಒಡೆಯನಿಗೂ, ಈ ಮಾತನ್ನು ಗುರುತು ಹಾಕಿಕೊಳ್ಳಿ. ಹಡಗು ನನ್ನದಲ್ಲ ಅಂದರೆ ತಪ್ಪಿಸಿಕೊಳ್ಳೋಕಾಗಲ್ಲ ಅಂತಾಯಿತು. ಅಪಾಯದ ಉದ್ಯಮ ನಡೆಸುವವನು, ಜಾಗ್ರತೆ ವಹಿಸಿದ್ದೆ ಅಂತ ಸಬೂಬು ಹೇಳದೆ ನಷ್ಟ ತುಂಬಬೇಕು ಅಂತ ದಿಲ್ಲಿಯ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1986ರಲ್ಲೇ. ಹಡಗಿಗೆ ಮಾತ್ರ ಟನ್ನಿನ ಲೆಕ್ಕದ ಮಿತಿ ಯಾಕೆ? 1958ರ ಹಡಗು ಕಾಯ್ದೆಯ ಜಾಗದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂತು. ಮೀನುಗಾರರ ಒಂದು ಸಂಘವನ್ನಾದರೂ ಕೂರಿಸಿ ಕೇಳಿದರೇನು ಅಂತ ನಮ್ಮ ಸಂಸದರನ್ನು ಕೇಳಬೇಕಿದೆ.

ಯಾಕೆ ಈಗ ಇದನ್ನು ಬರೆಯುತ್ತಿದ್ದೇವೆ? ಹಡಗುಗಳು ಕಮ್ಮಿ ಆಗುತ್ತಿಲ್ಲ. ಅದಿರಿನ ಹುಚ್ಚಿನ ಕಾಲದಲ್ಲಿ ಬಳ್ಳಾರಿಯ ಮಣ್ಣು ಲಾರಿಯಲ್ಲಿ ಬಂದು ಬೇಲೇಕೇರಿಯಲ್ಲಿ ಹಡಗು ಹತ್ತಿತು. ಜಪ್ತಿ ಮಾಡಿಟ್ಟ ಅದಿರೂ 2010ರಲ್ಲಿ ಅಲ್ಲಿಂದ ಮಾಯವಾಯಿತು. ಗುಡ್ಡದಷ್ಟು ಅದಿರು ಕಾಯೋಕಾಗದ ಸರ್ಕಾರ ಕಡಲ ಮೇಲಿನ ಎಣ್ಣೆ ಕಾಯುತ್ತೆ ಅಂತ ನಂಬಿ ಅನ್ನುತ್ತಿದೆ. 2020ರ ಜನವರಿಯಲ್ಲಿ ಕಾರವಾರದ ಬಂದರು ವಿಸ್ತರಣೆ ವಿರುದ್ಧ ಹೆಂಗಸರು ಟಾಗೋರ್ ಕಡಲತೀರಕ್ಕೆ ಇಳಿದರು. ಹೊನ್ನಾವರದ ಕಾಸರಕೋಡಿನಲ್ಲಿ ಪೊಲೀಸರ ಲಾಠಿ. 2025ರಲ್ಲಿ ಅಂಕೋಲದ ಕೇಣಿಯಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಬಂದರಿಗಾಗಿ ನಿಷೇಧಾಜ್ಞೆ. ಬಂದರು ಬೇಕೋ ಬೇಡವೋ ಅನ್ನುವ ಜಗಳ ಅಲ್ಲಿನವರು ಮಾಡುತ್ತಿದ್ದಾರೆ, ನಾವು ಅವರ ಜೊತೆಗಿದ್ದೇವೆ. ಆದರೆ ಬಂದರು ಬೇಕೇ ಬೇಕು ಅನ್ನುವವರನ್ನೂ ಒಂದು ಮಾತು ಕೇಳುತ್ತೇವೆ. ಎಣ್ಣೆ ಚೆಲ್ಲಿದ ದಿನ ಯಾರ ಫೋನು ಮೊದಲು ಬಡಿದುಕೊಳ್ಳಬೇಕು, ಬಳಚು ಆರಿಸುವ ಹೆಂಗಸಿಗೆ ಎಷ್ಟು ದಿನದ ಕೂಲಿ, ಆ ದುಡ್ಡು ಮೊದಲೇ ಯಾವ ಬ್ಯಾಂಕಿನಲ್ಲಿ ಇಟ್ಟಿದ್ದೀರಿ, ಇಷ್ಟನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿಯ ಗೋಡೆಗೆ ಅಂಟಿಸಿ. ಕಲ್ಲು ಹಾಕೋದು ಆಮೇಲೆ.

ಕರಾವಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ, ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಕೆಲಸ ಇದೆ. ಹಸಿರು ನ್ಯಾಯಮಂಡಳಿಗೆ ಪರಿಹಾರ ಕೇಳಿ ಹೋಗೋಕೆ ಐದು ವರ್ಷದ ಗಡುವಿದೆ, ಪುರಾವೆ ಇಲ್ಲದೆ ಹೋದರೆ ಐದು ವರ್ಷವೂ ವ್ಯರ್ಥ. ಊರಿನ ಬಳಚು ಆರಿಸುವವರ, ಬುಟ್ಟಿ ಮಾರುವವರ, ಬಲೆ ನೇಯುವವರ ಹೆಸರನ್ನು ಈಗಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ, ದಿನಕ್ಕೆ ಎಷ್ಟು ಸಿಗುತ್ತೆ ಅಂತ ವಾರಕ್ಕೊಮ್ಮೆ ಬರೆಸಿ ಹೆಬ್ಬೆಟ್ಟು ಹಾಕಿಸಿ. ದಂಡೆಗೆ ಎಣ್ಣೆಯ ಉಂಡೆ ಬಂದರೆ ಗಾಜಿನ ಬಾಟಲಿಯಲ್ಲಿ ತೆಗೆದಿಟ್ಟು ದಿನಾಂಕ ಬರೆಯಿರಿ, ಪಂಚಾಯ್ತಿ ಸದಸ್ಯರ ರುಜು ಹಾಕಿಸಿ. ಹಡಗು ಕಂಡರೆ ಹೆಸರು ಬರೆದುಕೊಂಡು ಸುಮ್ಮನಾಗಬೇಡಿ. ಹೆಸರು ಮಾರಿದಾಗೊಮ್ಮೆ ಬದಲಾಗುತ್ತೆ, ಬಾವುಟವೂ ಬದಲಾಗುತ್ತೆ. ಹಿಂಭಾಗದಲ್ಲಿ ಐಎಂಒ ಅಂತ ಬರೆದು ಅದರ ಮುಂದೆ ಏಳು ಅಂಕಿ ಇರುತ್ತೆ. ಹಡಗು ಗುಜರಿಗೆ ಹೋಗುವ ತನಕ ಅದು ಬದಲಾಗಲ್ಲ. ಆ ಏಳು ಅಂಕಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ, ನಮಗೊಂದು ಪ್ರತಿ ಕಳಿಸಿ. ಅಠಾರಾ ಕಚೇರಿಗೆ ನಾವು ನಡೆದುಕೊಂಡೇ ಹೋಗುತ್ತೇವೆ.